ಮನೆಯನ್ನು ಒಡೆದು ಕಟ್ಟಿದ ನಗರ

ಪ್ಲೇಟೋನ ‘ರಿಪಬ್ಲಿಕ್’ ಆದರ್ಶ ರಾಜ್ಯವನ್ನು ಕುರಿತ ಗ್ರಂಥವೆಂದು ಪ್ರಸಿದ್ಧವಾಗಿದ್ದರೂ ಅದರ ಮಾತುಕತೆ ನಡೆಯುವುದು ಅರಮನೆಯಲ್ಲಾಗಲಿ ಸಭೆಯಲ್ಲಾಗಲಿ ಅಲ್ಲ, ಒಂದು ಮನೆಯಲ್ಲಿ. ಅಥೆನ್ಸಿನ ಬಂದರಾದ ಪೈರೇಯಸ್‌ನಲ್ಲಿ ಬೆಂಡಿಸ್ ದೇವಿಯ ಉತ್ಸವ ನೋಡಿಕೊಂಡು ಊರಿಗೆ ಹಿಂದಿರುಗುತ್ತಿದ್ದ ಸಾಕ್ರೆಟಿಸ್ ಮತ್ತು ಗ್ಲಾಕನ್‌ರನ್ನು ಪೋಲೆಮಾರ್ಕಸ್ ದಾರಿಯಲ್ಲೇ ತಡೆದು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಅವನ ವೃದ್ಧ ತಂದೆ ಕೆಫಾಲಸ್ ಪೂಜೆ ಮುಗಿಸಿ ತಲೆಗೆ ಹೂವಿನ ಹಾರ ಸುತ್ತಿಕೊಂಡು ಕುಳಿತಿದ್ದಾನೆ. ಮೊದಲ ಮಾತು ಮುಪ್ಪಿನ ಬಗ್ಗೆ, ಎರಡನೆಯದು ಆಸ್ತಿಯ ಬಗ್ಗೆ. ಅಜ್ಜ ಗಳಿಸಿದ್ದನ್ನು ಅಪ್ಪ ಕರಗಿಸಿದನೆಂದೂ, ತನಗೆ ಬಂದದ್ದಕ್ಕಿಂತ ಒಂದಿಷ್ಟಾದರೂ ಹೆಚ್ಚಾಗಿ ಮಕ್ಕಳಿಗೆ ಉಳಿಸಿ ಹೋದರೆ ತನಗೆ ಅಷ್ಟೇ ಸಾಕೆಂದೂ ಮುದುಕ ಹೇಳುತ್ತಾನೆ. ನ್ಯಾಯವೆಂದರೇನು ಎಂಬ ಪ್ರಶ್ನೆ ಎದ್ದಕೂಡಲೇ ಅವನು ಪೂಜೆಯ ನೆಪದಿಂದ ಎದ್ದುಹೋಗುತ್ತಾನೆ. ಅಪ್ಪನ ಆಸ್ತಿಗೆಲ್ಲ ನಾನೇ ವಾರಸುದಾರನಲ್ಲವೇ ಎನ್ನುತ್ತ ಮಗ ಪೋಲೆಮಾರ್ಕಸ್ ಆ ವಾದವನ್ನೂ ವಹಿಸಿಕೊಳ್ಳುತ್ತಾನೆ. ತಂದೆ, ಮಗ, ಆಸ್ತಿ, ವಾರಸುದಾರಿಕೆ, ಮನೆದೇವರ ಪೂಜೆ ಹೀಗೆ ಗ್ರೀಕ್ ಕುಟುಂಬವೊಂದರ ಅಂಗಗಳೆಲ್ಲ ಮೊದಲ ಕೆಲವು ಪುಟಗಳಲ್ಲೇ ಕಾಣಿಸಿಕೊಳ್ಳುತ್ತವೆ. ಕಾಣಿಸದಿರುವುದು ಆ ಮನೆಯ ಹೆಂಗಸರು ಮಾತ್ರ.

ಆ ಮನೆಗೆ ಮುಂದೆ ಏನಾಯಿತೆಂಬುದು ಪ್ಲೇಟೋನ ಮೊದಲ ಓದುಗರಿಗೆಲ್ಲ ತಿಳಿದಿತ್ತು. ಕೆಫಾಲಸ್ ಸಿರಾಕ್ಯೂಸ್‌ನವನು. ಅಥೆನ್ಸಿನ ರಾಜಕೀಯ ಮುಂದಾಳು ಪೆರಿಕ್ಲಿಸ್‌ನ ಆಹ್ವಾನದ ಮೇಲೆ ಅಥೆನ್ಸಿಗೆ ಬಂದು ನೆಲೆಸಿದವನು, ಆದ್ದರಿಂದ ಅವನ ಕುಟುಂಬಕ್ಕೆ ಪೌರತ್ವವಿರಲಿಲ್ಲ. ಕ್ರಿ.ಪೂ. 404ರಲ್ಲಿ ಸ್ಪಾರ್ಟಾದೆದುರು ಅಥೆನ್ಸ್ ಸೋತ ಮೇಲೆ ಅಧಿಕಾರ ಹಿಡಿದ ಮೂವತ್ತು ಮಂದಿ ನಿರಂಕುಶರು ಹಣವಂತ ವಲಸಿಗರ ಮೇಲೆ ಕೈಯಿಟ್ಟರು. ಪೋಲೆಮಾರ್ಕಸ್‌ನನ್ನು ಬೀದಿಯಲ್ಲಿ ಹಿಡಿದೊಯ್ದು, ವಿಚಾರಣೆಯೇ ಇಲ್ಲದೆ ವಿಷ ಕುಡಿಸಿದರು. ತಪ್ಪಿಸಿಕೊಂಡು ಬದುಕಿದ ತಮ್ಮ ಲಿಸಿಯಾಸ್ ನಂತರ ನ್ಯಾಯಾಲಯದಲ್ಲಿ ಮಾಡಿದ ಭಾಷಣ ಇಂದಿಗೂ ಉಳಿದಿದೆ. ಏಳುನೂರು ಗುರಾಣಿ, ನೂರ ಇಪ್ಪತ್ತು ಗುಲಾಮರು, ಚಿನ್ನ, ಬೆಳ್ಳಿ ಎಲ್ಲ ದೋಚಿದ ಮೇಲೂ ತೃಪ್ತರಾಗದೆ, ಪೋಲೆಮಾರ್ಕಸ್‌ನ ಹೆಂಡತಿ ಆ ಮನೆಗೆ ಕಾಲಿಟ್ಟ ದಿನದಿಂದ ಹಾಕಿಕೊಂಡಿದ್ದ ಚಿನ್ನದ ಓಲೆಗಳನ್ನು ಮೆಲೋಬಿಯಸ್ ಎಂಬವನು ಅವಳ ಕಿವಿಯಿಂದಲೇ ಕಿತ್ತುಕೊಂಡನೆಂದು ಲಿಸಿಯಾಸ್ ಹೇಳುತ್ತಾನೆ. ಕುಟುಂಬಕ್ಕೆ ಸ್ವಂತದ ಮೂರು ಮನೆಗಳಿದ್ದರೂ ಒಂದರಿಂದಲೂ ಶವ ಹೊರಡಲು ಬಿಡಲಿಲ್ಲ. ಬಾಡಿಗೆಗೆ ಹಿಡಿದ ಒಂದು ಕೊಟ್ಟಿಗೆಯಂಥ ಜಾಗದಲ್ಲಿ ಅವನನ್ನು ಮಲಗಿಸಬೇಕಾಯಿತು. ಆ ಮೂವತ್ತರ ಮುಂದಾಳು ಕ್ರಿಟಿಯಾಸ್ ಪ್ಲೇಟೋನ ತಾಯಿಯ ದಾಯಾದಿ. ಅವರ ಪರವಾಗಿ ಪೈರೇಯಸ್‌ನ ಆಡಳಿತ ನೋಡಿಕೊಂಡವರಲ್ಲಿ ಒಬ್ಬನಾದ ಕಾರ್ಮಿಡಿಸ್ ಪ್ಲೇಟೋನ ಸೋದರಮಾವ.

‘ರಿಪಬ್ಲಿಕ್’ನ ಭಾಗಗಳನ್ನು ಪುಸ್ತಕಗಳೆನ್ನುವುದು ರೂಢಿ; ಅದರ ಐದನೆಯ ಪುಸ್ತಕದ ಆರಂಭವನ್ನು ನಾನು ಈ ಹಿನ್ನೆಲೆಯಲ್ಲೇ ಓದುತ್ತೇನೆ. ಆದರ್ಶ ನಗರವನ್ನು ಕಾಯುವ, ಆಳುವ ವರ್ಗವಾದ ಕಾವಲುಗಾರರಲ್ಲಿ ಹೆಂಡಿರು ಮಕ್ಕಳು ಎಲ್ಲರಿಗೂ ಸೇರಿದವರೆಂದು ಸಾಕ್ರೆಟಿಸ್ ಹಿಂದೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿಬಿಟ್ಟಿದ್ದ. ಈಗ ಪೋಲೆಮಾರ್ಕಸ್ ಕೈಚಾಚಿ ಅಡೀಮಾಂಟಸ್‌ನ ಮೇಲುಹೊದಿಕೆಯನ್ನು ಭುಜದ ಬಳಿ ಎಳೆದು, ಇವನನ್ನು ಹಾಗೇ ಬಿಟ್ಟುಬಿಡೋಣವೇ ಎಂದು ಪಿಸುಗುಟ್ಟುತ್ತಾನೆ. ಅಂದರೆ ಕುಟುಂಬವನ್ನು ಕುರಿತ ಈ ಚರ್ಚೆ ನಡೆಯುವುದೇ ಅವನ ಪಟ್ಟಿನಿಂದ, ಮುಂದೆ ರಾಜ್ಯದ ಕೈಯಲ್ಲಿ ಮನೆಮಠ ಕಳೆದುಕೊಳ್ಳಲಿರುವವನ ಪಟ್ಟಿನಿಂದ. ನಮ್ಮ ಪದವಿ ತರಗತಿಗಳ ರಾಜ್ಯಶಾಸ್ತ್ರದಲ್ಲಿ ಇದೆಲ್ಲ ‘ಪತ್ನಿಯರ ಸಾಮ್ಯವಾದ’ ಎಂಬ ತಲೆಬರಹದ ಕೆಳಗೆ ಒಂದೆರಡು ಪುಟಗಳಲ್ಲಿ ಮುಗಿದುಹೋಗುತ್ತದೆ. ವಿದ್ಯಾರ್ಥಿಗಳು ಅದನ್ನು ಮುಜುಗರದಿಂದಲೋ ಅಂಕಗಳಿಗಾಗಿಯೋ ಬರೆದು ಮುಂದೆ ಹೋಗುತ್ತಾರೆ. ನನಗಾದರೋ ಈ ಭಾಗ ಗ್ರೀಕ್ ಚಿಂತನೆಯ ಅತ್ಯಂತ ನೋವಿನ ಗಂಟೆಂದು ಕಾಣುತ್ತದೆ. ಹೆಣ್ಣು ಪೂರ್ಣ ಪ್ರಜೆಯಾಗಬೇಕಾದರೆ ಮನೆ ಇಲ್ಲವಾಗಬೇಕು, ಮನೆ ಉಳಿಯಬೇಕಾದರೆ ಹೆಣ್ಣು ಪ್ರಜೆಯಾಗಕೂಡದು ಎಂಬ ಎರಡೇ ದಾರಿಗಳನ್ನು ಆ ಕಾಲದ ಇಬ್ಬರು ಮಹಾಚಿಂತಕರು, ಪ್ಲೇಟೋ ಮತ್ತು ಅವನ ಶಿಷ್ಯ ಅರಿಸ್ಟಾಟಲ್, ಕಂಡರು. ಒಬ್ಬೊಬ್ಬರು ಒಂದೊಂದನ್ನು ಆರಿಸಿಕೊಂಡರು.

ಹಾಗೆ ಏಕೆ ಕಂಡಿತೆಂಬುದನ್ನು ತಿಳಿಯಲು ಅಥೆನ್ಸಿನ ಮನೆ ಹೇಗಿತ್ತೆಂದು ನೋಡಬೇಕು. ಹೆಣ್ಣುಮಗಳಿಗೆ ಹುಟ್ಟಿನಿಂದ ಸಾವಿನವರೆಗೆ ಒಬ್ಬ ಯಜಮಾನನಿರುತ್ತಿದ್ದ. ಮೊದಲು ತಂದೆ, ಆಮೇಲೆ ಗಂಡ, ವಿಧವೆಯಾದರೆ ಮಗ ಅಥವಾ ತವರಿನ ಗಂಡಸು. ಹದಿನಾಲ್ಕು ಹದಿನೈದರ ಹುಡುಗಿಯನ್ನು ಮೂವತ್ತರ ಆಸುಪಾಸಿನ ಗಂಡಿಗೆ ಕೊಡುವುದು ವಾಡಿಕೆಯಾಗಿತ್ತು. ಒಂದು ಅಳತೆ ಬಾರ್ಲಿಯ ಬೆಲೆಗಿಂತ ಹೆಚ್ಚಿನ ಯಾವ ವ್ಯವಹಾರವನ್ನೂ ಅವಳು ತಾನಾಗಿ ಮಾಡುವಂತಿರಲಿಲ್ಲ. ಗಂಡುಮಕ್ಕಳಿಲ್ಲದೆ ಸತ್ತವನ ಮಗಳು ಆಸ್ತಿಯ ಒಡತಿಯಾಗುತ್ತಿರಲಿಲ್ಲ, ಆಸ್ತಿಯನ್ನು ದಾಟಿಸುವ ಸೇತುವೆಯಾಗುತ್ತಿದ್ದಳು. ತಂದೆಯ ಹತ್ತಿರದ ನಂಟ, ಎಷ್ಟೋ ಸಲ ಸ್ವಂತ ಚಿಕ್ಕಪ್ಪನೇ, ಅವಳನ್ನು ಕೇಳಿ ಪಡೆಯುವ ಹಕ್ಕು ಹೊಂದಿದ್ದ. ಕ್ರಿ.ಪೂ. 451ರಲ್ಲಿ ಪೆರಿಕ್ಲಿಸ್ ತಂದ ಕಾನೂನಿನಿಂದ ತಂದೆತಾಯಿ ಇಬ್ಬರೂ ಅಥೆನ್ಸಿನವರಾಗಿದ್ದವನಿಗೆ ಮಾತ್ರ ಪೌರತ್ವ ಎಂದಾಯಿತು. ಪೌರತ್ವವನ್ನು ಹೆರುವುದಕ್ಕೆ ಹೆಣ್ಣು ಬೇಕು, ನಡೆಸುವುದಕ್ಕೆ ಬೇಡ. ಅದೇ ಪೆರಿಕ್ಲಿಸ್ ಯುದ್ಧದಲ್ಲಿ ಮಡಿದವರ ಅಂತ್ಯಕ್ರಿಯೆಯ ಭಾಷಣದಲ್ಲಿ, ಗಂಡಸರ ಬಾಯಲ್ಲಿ ಹೊಗಳಿಕೆಯಾಗಿಯಾಗಲಿ ತೆಗಳಿಕೆಯಾಗಿಯಾಗಲಿ ಆದಷ್ಟು ಕಡಿಮೆ ಬರುವುದೇ ಹೆಣ್ಣಿನ ಕೀರ್ತಿಯೆಂದು ವಿಧವೆಯರಿಗೆ ಹೇಳಿದನೆಂದು ಇತಿಹಾಸಕಾರ ಥುಸಿಡಿಡಿಸ್ ದಾಖಲಿಸಿದ್ದಾನೆ.

ಇಂಥ ಊರಿನಲ್ಲಿ ಕುಳಿತು ಪ್ಲೇಟೋ, ಹೆಂಗಸರೂ ಕಾವಲುಗಾರರಾಗಿ ಆಳಬಹುದೆಂಬ ತನ್ನ ಮೊದಲ ‘ಅಲೆ’ಯನ್ನು ಎಬ್ಬಿಸುತ್ತಾನೆ. ಮೂರು ಅಲೆಗಳು ನಮ್ಮ ಮೇಲೆ ಬಂದೆರಗಲಿವೆ ಎಂಬ ಅವನ ಮಾತಿನಲ್ಲಿ ನಗೆಪಾಟಲಾಗುವ ಭಯ ಎದ್ದು ಕಾಣುತ್ತದೆ. ಕಾವಲುನಾಯಿಗಳಲ್ಲಿ ಹೆಣ್ಣುನಾಯಿ ಮರಿ ಹಾಕಿತೆಂದು ಮನೆಯಲ್ಲೇ ಉಳಿಯುತ್ತದೆಯೇ, ಗಂಡುನಾಯಿಯ ಜೊತೆ ಬೇಟೆಗೆ ಹೋಗುವುದಿಲ್ಲವೇ ಎಂದು ಅವನ ಸಾಕ್ರೆಟಿಸ್ ಕೇಳುತ್ತಾನೆ. ಹೆಣ್ಣು ಗಂಡುಗಳ ಸ್ವಭಾವ ಬೇರೆ, ಆದ್ದರಿಂದ ಕೆಲಸವೂ ಬೇರೆ ಎಂಬ ಆಕ್ಷೇಪಕ್ಕೆ ಅವನು ಕೊಡುವ ಉತ್ತರ ಇಂದಿಗೂ ಹರಿತವಾಗಿಯೇ ಇದೆ. ಬೋಳುತಲೆಯವನ ಸ್ವಭಾವವೂ ಕೂದಲಿರುವವನ ಸ್ವಭಾವವೂ ಬೇರೆಯೇ. ಹಾಗೆಂದು ಬೋಳುತಲೆಯವರು ಚಪ್ಪಲಿ ಹೊಲಿಯುತ್ತಿದ್ದರೆ ಕೂದಲಿರುವವರು ಹೊಲಿಯಕೂಡದೆಂದು ಹೇಳುತ್ತೇವೆಯೇ? ವ್ಯತ್ಯಾಸವಿದ್ದರೆ ಸಾಲದು, ಆ ಕೆಲಸಕ್ಕೆ ಸಂಬಂಧಪಟ್ಟ ವ್ಯತ್ಯಾಸವಿರಬೇಕು. ಗಂಡು ಹುಟ್ಟಿಸುತ್ತಾನೆ, ಹೆಣ್ಣು ಹೆರುತ್ತಾಳೆ ಎಂಬ ಭೇದ ಆಳ್ವಿಕೆಗೆ ಸಂಬಂಧಪಟ್ಟದ್ದಲ್ಲ. ಮುಂದುವರಿದು ಅವನು ಹೇಳುವ ಮಾತಂತೂ ಇನ್ನೂ ದಿಟ್ಟವಾದದ್ದು: ನಾವು ಮಾಡುತ್ತಿರುವ ಕಾನೂನು ಪ್ರಕೃತಿಗೆ ಅನುಗುಣವಾದದ್ದು, ಈಗ ನಡೆದುಬಂದಿರುವ ಪದ್ಧತಿಯೇ ಪ್ರಕೃತಿಗೆ ವಿರುದ್ಧವಾದದ್ದು. ಎಲ್ಲದರಲ್ಲೂ ಹೆಣ್ಣು ಒಟ್ಟಾರೆ ದುರ್ಬಲಳೆಂದು ಅದೇ ಉಸಿರಿನಲ್ಲಿ ಸೇರಿಸುತ್ತಾನೆ ನಿಜ. ಆದರೂ ಏಳನೆಯ ಪುಸ್ತಕದ ಕೊನೆಯಲ್ಲಿ, ನಿನ್ನ ಆಳುವ ಗಂಡಸರು ಬಹಳ ಸೊಗಸಾಗಿ ಮೂಡಿದ್ದಾರೆ ಎಂದ ಗ್ಲಾಕನ್‌ನನ್ನು ತಿದ್ದಿ, ಹೆಂಗಸರನ್ನೂ ಸೇರಿಸು ಎಂದು ನೆನಪಿಸುವುದನ್ನು ಅವನು ಮರೆಯುವುದಿಲ್ಲ.

ಈ ವಾದ ಇಲ್ಲಿಗೇ ನಿಂತಿದ್ದರೆ ಪ್ಲೇಟೋನನ್ನು ಹೊಗಳಿ ಮುಗಿಸಬಹುದಿತ್ತು. ಎರಡನೆಯ ಅಲೆಯಲ್ಲಿ ಅವನು ಮನೆಯನ್ನೇ ಕೆಡವುತ್ತಾನೆ. ಕಾವಲುಗಾರರಿಗೆ ಸ್ವಂತ ಮನೆಯಿಲ್ಲ, ಇತರರು ಪ್ರವೇಶಿಸಲಾಗದ ಉಗ್ರಾಣವಿಲ್ಲ, ಚಿನ್ನವನ್ನು ತೊಡುವುದಿರಲಿ ಮುಟ್ಟುವಂತೆಯೂ ಇಲ್ಲ ಎಂದು ಮೊದಲೇ ವಿಧಿಸಿದ್ದ. ಈಗ ಯಾವ ಹೆಣ್ಣೂ ಯಾವ ಗಂಡಿನ ಜೊತೆಗೂ ಪ್ರತ್ಯೇಕವಾಗಿ ಸಂಸಾರ ಮಾಡುವಂತಿಲ್ಲ. ತಂದೆ ತಾಯಿಗೆ ತಮ್ಮ ಮಗು ಯಾವುದೆಂದಾಗಲಿ, ಮಗುವಿಗೆ ತನ್ನ ತಂದೆ ತಾಯಿ ಯಾರೆಂದಾಗಲಿ ತಿಳಿಯಕೂಡದು. ನಗರಕ್ಕೆ ಒಡಕಿಗಿಂತ ದೊಡ್ಡ ಕೇಡಿಲ್ಲ, ಒಂದೇ ವಸ್ತುವನ್ನು ಕುರಿತು ಒಬ್ಬ ‘ನನ್ನದು’ ಎಂದಾಗ ಇನ್ನೊಬ್ಬ ‘ನನ್ನದಲ್ಲ’ ಎನ್ನುವಲ್ಲೇ ಒಡಕು ಹುಟ್ಟುವುದು ಎಂದು ಅವನ ತರ್ಕ. ಬೆರಳಿಗೆ ಪೆಟ್ಟಾದಾಗ ಇಡೀ ದೇಹ ನೋಯುವಂತೆ ಒಬ್ಬನ ನೋವು ಇಡೀ ನಗರದ ನೋವಾಗಬೇಕು. ಈ ಹಂಬಲವನ್ನು ಲಘುವಾಗಿ ಕಾಣುವುದು ನನ್ನಿಂದಾಗದು. ಶ್ರೀಮಂತ ಕುಲಗಳ ಪೈಪೋಟಿ, ರಕ್ತಸಂಬಂಧದ ಪಕ್ಷಪಾತ, ಆಸ್ತಿಯ ಆಸೆ ಇವೆಲ್ಲ ಸೇರಿ ತನ್ನ ಊರನ್ನು ಹೇಗೆ ಹರಿದು ತಿಂದವೆಂದು ಪ್ಲೇಟೋ ತನ್ನ ನೆಂಟರ ನಡತೆಯಲ್ಲೇ ನೋಡಿದ್ದ.

ಆದರೆ ಈ ಏಕತೆಯನ್ನು ಸಾಧಿಸುವ ಕ್ರಮವನ್ನು ವಿವರಿಸುವಾಗ ಒಂದು ದೃಶ್ಯ ಬರುತ್ತದೆ. ಹುಟ್ಟಿದ ಕೂಸುಗಳನ್ನು ಅಧಿಕಾರಿಗಳು ಎತ್ತಿಕೊಂಡು ಊರಿನ ಬೇರೊಂದು ಭಾಗದಲ್ಲಿರುವ ದೊಡ್ಡಿಯಂಥ ಜಾಗಕ್ಕೆ ಒಯ್ದು ದಾದಿಯರಿಗೆ ಒಪ್ಪಿಸುತ್ತಾರೆ. ತಾಯಂದಿರ ಮೊಲೆಯಲ್ಲಿ ಹಾಲು ತುಂಬಿದಾಗ ಅವರನ್ನು ಅಲ್ಲಿಗೆ ಕರೆತರುತ್ತಾರೆ, ಮತ್ತು ಯಾವ ತಾಯಿಯೂ ತನ್ನ ಕೂಸನ್ನು ಗುರುತಿಸದಂತೆ ಸಾಧ್ಯವಿರುವ ಉಪಾಯಗಳನ್ನೆಲ್ಲ ಮಾಡುತ್ತಾರೆ. ಹಾಲು ಸಾಲದಿದ್ದರೆ ಬೇರೆ ಹೆಂಗಸರನ್ನು ತರುತ್ತಾರೆ. ಹೆಚ್ಚು ಹೊತ್ತು ಹಾಲೂಡಿಸಲು ತಾಯಂದಿರನ್ನು ಬಿಡುವುದಿಲ್ಲ. ರಾತ್ರಿ ನಿದ್ದೆಗೆಡುವುದು, ಉಳಿದ ಕಷ್ಟಗಳು ಎಲ್ಲ ದಾದಿಯರ ಪಾಲಿಗೆ. ಇದನ್ನು ಕೇಳಿದ ಗ್ಲಾಕನ್, ಕಾವಲುಗಾರರ ಹೆಂಗಸರಿಗೆ ತಾಯ್ತನ ಬಹಳ ಸುಲಭವಾಗುವಂತೆ ಮಾಡುತ್ತಿದ್ದೀಯೆ ಎನ್ನುತ್ತಾನೆ. ಸಾಕ್ರೆಟಿಸ್ ಹೌದು, ಅದೇ ಉಚಿತ ಎಂದು ಮುಂದೆ ಹೋಗುತ್ತಾನೆ.

ನಾನು ಈ ಸಾಲುಗಳ ಬಳಿ ಪ್ರತಿ ಓದಿನಲ್ಲೂ ನಿಲ್ಲುತ್ತೇನೆ. ಉಪಾಯಗಳನ್ನೆಲ್ಲ ಮಾಡಬೇಕಾಗುತ್ತದೆ ಎಂಬ ಮಾತಿನಲ್ಲೇ ತಾಯಂದಿರು ತಮ್ಮ ಕೂಸನ್ನು ಹುಡುಕುತ್ತಾರೆಂಬ ಒಪ್ಪಿಗೆ ಅಡಗಿದೆ. ಗುರುತಿಸುವ ಬಯಕೆಯೇ ಇಲ್ಲದಿದ್ದರೆ ತಡೆಯುವ ಉಪಾಯವಾದರೂ ಯಾಕೆ ಬೇಕಿತ್ತು? ಸ್ವಭಾವವನ್ನು ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿ, ಬೋಳುತಲೆ ಕೂದಲಿನ ಭೇದವನ್ನು ಅಷ್ಟು ಚೆನ್ನಾಗಿ ಬಿಡಿಸಿ ತೋರಿಸಿದ ಬುದ್ಧಿ, ಈ ಹೆಂಗಸರನ್ನು ಒಮ್ಮೆ ಕೇಳಿ ನೋಡಬೇಕೆಂದು ಯೋಚಿಸಲಿಲ್ಲ. ರಾತ್ರಿಯಿಡೀ ಎದ್ದಿರುವ ದಾದಿಯರು ಯಾರು, ಎಲ್ಲಿಂದ ಬಂದವರು, ಅವರ ಸ್ವಂತ ಮಕ್ಕಳು ಆ ಹೊತ್ತಿನಲ್ಲಿ ಎಲ್ಲಿದ್ದಾರೆ ಎಂಬುದನ್ನೂ ಅವನು ಹೇಳುವುದಿಲ್ಲ. ಕೆಲವು ಹೆಂಗಸರು ಆಳುವ ಸ್ಥಾನಕ್ಕೆ ಏರಲು ಉಳಿದ ಹೆಂಗಸರು ಅವರ ಮಕ್ಕಳ ಆರೈಕೆಗೆ ನಿಲ್ಲಬೇಕೆಂಬ ಈ ಏರ್ಪಾಟು ಇಂದಿನ ಓದುಗರಾರಿಗೂ ಅಪರಿಚಿತವಲ್ಲ. ಆ ಆರೈಕೆಯ ಭಾರದಲ್ಲಿ ಗಂಡಸರು ಹೆಗಲು ಕೊಡಬಹುದೆಂಬ ಯೋಚನೆ ಪ್ಲೇಟೋಗೆ ಪೂರ್ತಿ ಬಾರದೆ ಹೋಗಿಲ್ಲ. ಕೂಸುಗಳನ್ನು ಕೊಂಡೊಯ್ಯುವ ಅಧಿಕಾರಿಗಳು ಗಂಡಸರಾಗಲಿ ಹೆಂಗಸರಾಗಲಿ ಆಗಬಹುದೆನ್ನುತ್ತಾನೆ. ಎದ್ದು ಕೂರಬೇಕಾದ ರಾತ್ರಿಗಳ ಮಾತು ಬಂದಾಗ ಮಾತ್ರ ದಾದಿಯರ ಹೆಸರೇ ಬರುತ್ತದೆ.

ಇದಕ್ಕೆ ಜೊತೆಯಾಗಿ ಬರುವುದು ಸುಳ್ಳು. ಯಾರು ಯಾರನ್ನು ಕೂಡಬೇಕೆಂಬುದು ಹಬ್ಬದ ದಿನ ಚೀಟಿಯೆತ್ತಿ ನಿರ್ಧಾರವಾದಂತೆ ತೋರಬೇಕು. ಚೀಟಿಗಳನ್ನು ಒಳಗಿನಿಂದ ಆಳುವವರೇ ತಿರುಚಿರಬೇಕು. ಉತ್ತಮರೆನಿಸದವರು ತಮ್ಮ ಅದೃಷ್ಟವನ್ನು ಹಳಿದುಕೊಳ್ಳಬೇಕೇ ಹೊರತು ಆಳುವವರನ್ನಲ್ಲ. ಯುದ್ಧದಲ್ಲಿ ಮೆರೆದ ತರುಣರಿಗೆ ಹೆಂಗಸರೊಡನೆ ಕೂಡುವ ಅವಕಾಶ ಹೆಚ್ಚಾಗಿ ಸಿಗಬೇಕು; ದಂಡಯಾತ್ರೆಯಲ್ಲಿರುವಾಗ ವೀರನು ಯಾರನ್ನು ಮುತ್ತಿಡಬಯಸಿದರೂ ಅವರು ಬೇಡವೆನ್ನಕೂಡದು. ಯುದ್ಧದಲ್ಲಿ ಮೆರೆದ ಹೆಂಗಸಿಗೆ ಏನು ಬಹುಮಾನವೆಂಬ ಪ್ರಶ್ನೆ ಏಳುವುದೇ ಇಲ್ಲ. ಹೆಣ್ಣು ಈ ನಗರದಲ್ಲಿ ಆಳಬಲ್ಲಳು, ಕಾದಬಲ್ಲಳು, ಗಣಿತ ಕಲಿಯಬಲ್ಲಳು. ಆದರೂ ಆಸ್ತಿಯ ಮಾತು ಬಂದಾಗ ಅವಳು ಹಂಚಿಕೆಯಾಗುವ ವಸ್ತುಗಳ ಸಾಲಿನಲ್ಲೇ ನಿಲ್ಲುತ್ತಾಳೆ. ಒಬ್ಬ ಯಜಮಾನನ ಜಾಗದಲ್ಲಿ ಈಗ ಅನೇಕರಿದ್ದಾರೆ, ಅಷ್ಟೇ ವ್ಯತ್ಯಾಸ. ಅವಳ ಸ್ವಾತಂತ್ರ್ಯ ಅವಳಿಗಾಗಿ ಬಂದದ್ದಲ್ಲ. ಮನೆಯೇ ಇಲ್ಲವಾದ ಮೇಲೆ ಅವಳನ್ನು ಇರಿಸಲು ಬೇರೆ ಸ್ಥಳ ಉಳಿದಿಲ್ಲವಾದ್ದರಿಂದ ಬಂದದ್ದು.

‘ರಿಪಬ್ಲಿಕ್’ನಲ್ಲಿ ತಾಯಿ ಮೂರು ಸಲ ಕಾಣಿಸಿಕೊಳ್ಳುತ್ತಾಳೆಂದು ನನ್ನ ಓದು. ಮೂರನೆಯ ಪುಸ್ತಕದಲ್ಲಿ ಅವಳು ಭೂಮಿ. ನೀವೆಲ್ಲ ನೆಲದೊಳಗೆ ರೂಪುಗೊಂಡು ಹುಟ್ಟಿದವರು, ಭೂಮಿಯೇ ನಿಮ್ಮ ತಾಯಿ, ನೀವೆಲ್ಲ ಅಣ್ಣತಮ್ಮಂದಿರು ಎಂದು ಪ್ರಜೆಗಳಿಗೆ ಹೇಳಬೇಕಾದ ಉದಾತ್ತ ಸುಳ್ಳಿನಲ್ಲಿ ಬರುವ ಮೂಕತಾಯಿ. ಐದನೆಯದರಲ್ಲಿ ಅವಳು ದೊಡ್ಡಿಯಲ್ಲಿ ಗುರುತಿಲ್ಲದ ಕೂಸಿಗೆ ಹಾಲೂಡಿಸುವವಳು, ಅಲ್ಲೂ ಮಾತಿಲ್ಲ. ಎಂಟನೆಯದರಲ್ಲಿ ಅವಳು ಮೊದಲ ಬಾರಿಗೆ ಬಾಯಿ ಬಿಡುತ್ತಾಳೆ. ಆ ಹೊತ್ತಿಗೆ ನಗರ ಕುಸಿಯತೊಡಗಿದೆ. ಸಂತಾನದ ಸಮಯವನ್ನು ನಿರ್ಧರಿಸುವ ಗೂಢ ಸಂಖ್ಯೆಯ ಲೆಕ್ಕದಲ್ಲಿ ಆಳುವವರು ತಪ್ಪುತ್ತಾರೆ, ಅಕಾಲದಲ್ಲಿ ಕೂಡಿಸುತ್ತಾರೆ, ಹುಟ್ಟಿದ ಮಕ್ಕಳು ಅಯೋಗ್ಯರಾಗುತ್ತಾರೆ. ಪತನದ ಮೊದಲ ಗುರುತುಗಳಲ್ಲಿ ಒಂದೆಂದರೆ ಗೋಡೆ ಸುತ್ತಿದ ಖಾಸಗಿ ಮನೆಗಳು ಮತ್ತೆ ತಲೆಯೆತ್ತುವುದು. ಅಂಥ ಮನೆಯೊಂದರಲ್ಲಿ, ರಾಜಕೀಯದ ಗದ್ದಲದಿಂದ ದೂರವಿರುವ ಒಳ್ಳೆಯ ಗಂಡನ ಹೆಂಡತಿ ಮಗನೆದುರು ಹೇಳಿಕೊಳ್ಳುತ್ತಾಳೆ: ನಿನ್ನ ಅಪ್ಪ ಅಧಿಕಾರದಲ್ಲಿಲ್ಲದ್ದರಿಂದ ಇತರ ಹೆಂಗಸರ ನಡುವೆ ನನಗೆ ಬೆಲೆಯಿಲ್ಲ, ಅವನಿಗೆ ಹಣದ ಮೇಲೆ ಆಸ್ಥೆಯಿಲ್ಲ, ಯಾವಾಗಲೂ ತನ್ನದೇ ಯೋಚನೆಯಲ್ಲಿ ಮುಳುಗಿರುತ್ತಾನೆ, ನನ್ನನ್ನು ಗೌರವಿಸುವುದೂ ಇಲ್ಲ, ಅಗೌರವಿಸುವುದೂ ಇಲ್ಲ. ಈ ದೂರು ಕೇಳುತ್ತ ಬೆಳೆದ ಮಗ ಕೀರ್ತಿಯ ಬೆನ್ನು ಹತ್ತುತ್ತಾನೆ, ಮತ್ತು ರಾಜ್ಯ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಹೆಂಗಸರ ಮಾತೇ ಹೀಗೆಂದು ಅಡೀಮಾಂಟಸ್ ತಲೆದೂಗುತ್ತಾನೆ. ನನ್ನ ಕಿವಿಗೆ ಮಾತ್ರ ಆ ಮಾತು ಬೇರೆಯಾಗಿ ಕೇಳಿಸುತ್ತದೆ. ಗಂಡನ ಸ್ಥಾನವೊಂದನ್ನು ಬಿಟ್ಟರೆ ತನ್ನದೆಂಬ ಸ್ಥಾನ ಯಾವುದೂ ಇಲ್ಲದವಳು ಆ ಸ್ಥಾನಕ್ಕಾಗಿ ಹಂಬಲಿಸುವುದು ಅವಳ ಕೊರತೆಯಲ್ಲ. ಇದೇ ಹೆಣ್ಣು ಐದನೆಯ ಪುಸ್ತಕದ ಲೆಕ್ಕದಲ್ಲಿ ತಾನೇ ಆಳಬಹುದಿತ್ತಲ್ಲವೇ?

ಗ್ಲಾಕನ್ ಮತ್ತು ಅಡೀಮಾಂಟಸ್ ಇಬ್ಬರೂ ಪ್ಲೇಟೋನ ಒಡಹುಟ್ಟಿದವರು. ಕುಟುಂಬವನ್ನು ಅಳಿಸುವ ಚರ್ಚೆಯನ್ನು ಅವನು ಸ್ವಂತ ಅಣ್ಣಂದಿರ ಬಾಯಲ್ಲಿ ಆಡಿಸಿದ್ದಾನೆ. ಸಾಕ್ರೆಟಿಸ್ ಅವರನ್ನು ಅರಿಸ್ಟನ್‌ನ ಮಕ್ಕಳೇ ಎಂದು ತಂದೆಯ ಹೆಸರು ಹಿಡಿದು ಹೊಗಳುತ್ತಾನೆ. ತಾಯಿ ಪೆರಿಕ್ಟಿಯೋನೆಯ ಹೆಸರು ಆ ಸಂವಾದದಲ್ಲಿ ಬರುವುದಿಲ್ಲ. ಪ್ಲೇಟೋ ಮದುವೆಯಾಗಲಿಲ್ಲ. ಕ್ರಿ.ಪೂ. 347ರಲ್ಲಿ ಅವನು ತೀರಿಕೊಂಡಾಗ, ಅವನು ಕಟ್ಟಿದ ವಿದ್ಯಾಕೇಂದ್ರವಾದ ಅಕಾಡೆಮಿಯ ಮುಖ್ಯಸ್ಥನಾದದ್ದು ಅವನ ಸೋದರಿ ಪೊಟೋನೆಯ ಮಗ ಸ್ಪ್ಯೂಸಿಪ್ಪಸ್. ಅದೇ ಅಕಾಡೆಮಿಯಲ್ಲಿ ಲಾಸ್ತೆನಿಯಾ ಮತ್ತು ಆಕ್ಸಿಯೋಥಿಯಾ ಎಂಬ ಇಬ್ಬರು ಹೆಂಗಸರು ಶಿಷ್ಯರಾಗಿದ್ದರೆಂದೂ, ಎರಡನೆಯವಳು ಗಂಡಿನ ಉಡುಪು ತೊಡುತ್ತಿದ್ದಳೆಂದೂ ತತ್ತ್ವಜ್ಞಾನಿಗಳ ಜೀವನಚರಿತ್ರೆ ಬರೆದ ಡಯೋಜಿನಿಸ್ ಲಾಯರ್ಷಿಯಸ್ ಹೇಳಿದ್ದಾನೆ.

ಇಳಿವಯಸ್ಸಿನಲ್ಲಿ ಕಾನೂನುಗಳನ್ನು ಕುರಿತು ಬರೆದ ‘ಲಾಸ್’ ಎಂಬ ಸಂವಾದದಲ್ಲಿ ಪ್ಲೇಟೋ ಮನೆಯನ್ನು ಮರಳಿ ತರುತ್ತಾನೆ. ಎಲ್ಲವೂ ಎಲ್ಲರಿಗೂ ಸೇರಿದ್ದಾಗಿರುವ ನಗರ ದೇವತೆಗಳಿಗೋ ದೇವತೆಗಳ ಮಕ್ಕಳಿಗೋ ತಕ್ಕದ್ದು, ಮನುಷ್ಯರಿಗೆ ಎರಡನೆಯ ದರ್ಜೆಯದು ಸಾಕೆಂದು 5040 ಕುಟುಂಬಗಳ ಊರೊಂದನ್ನು ಯೋಜಿಸುತ್ತಾನೆ. ಹೆಣ್ಣುಮಕ್ಕಳ ಶಿಕ್ಷಣವನ್ನು ಅವನು ಬಿಟ್ಟುಕೊಡುವುದಿಲ್ಲ; ಗಂಡು ಹೆಣ್ಣು ಒಂದೇ ಶಕ್ತಿಯಿಂದ ಒಂದೇ ಕೆಲಸಕ್ಕೆ ತೊಡಗದಿರುವುದು ಶುದ್ಧ ಮೂರ್ಖತನ, ರಾಜ್ಯ ತನ್ನ ಅರ್ಧ ಬಲವನ್ನು ಕಳೆದುಕೊಳ್ಳುತ್ತದೆ ಎಂದು ಹಳೆಯ ಖಚಿತತೆಯಲ್ಲೇ ಹೇಳುತ್ತಾನೆ. ಆದರೆ ವಿವರಗಳಿಗಿಳಿದಾಗ ಹೆಣ್ಣು 16ರಿಂದ 20ರೊಳಗೆ ಮದುವೆಯಾಗಬೇಕು, ಗಂಡು 30ರಿಂದ 35ರೊಳಗೆ. ಅಧಿಕಾರಸ್ಥಾನಕ್ಕೆ ಗಂಡಿಗೆ 30 ವರ್ಷ ಸಾಕು, ಹೆಣ್ಣಿಗೆ 40 ಆಗಬೇಕು. ಭೂಮಿ ಒಬ್ಬ ಗಂಡುಮಗನಿಗೆ ಹೋಗುತ್ತದೆ. ನಲವತ್ತು ದಾಟಿದ ಹೆಂಗಸು ಸಾಕ್ಷಿ ಹೇಳಬಹುದು, ದಾವೆಯನ್ನೂ ಹೂಡಬಹುದು, ಗಂಡನಿಲ್ಲದಿದ್ದರೆ. ಅವನು ಬದುಕಿದ್ದರೆ ಸಾಕ್ಷಿ ಮಾತ್ರ. ಗಂಡ ಮರಳಿದೊಡನೆ ನ್ಯಾಯಾಲಯದ ಬಾಗಿಲು ಅರ್ಧ ಮುಚ್ಚಿತು. ಬೋಳುತಲೆಯ ವಾದ ಸರಿಯಾಗಿದ್ದರೆ ಮನೆ ಮರಳಿ ಬಂದ ಮೇಲೂ ಅದು ಸರಿಯಾಗಿಯೇ ಇರಬೇಕಿತ್ತು. ಪ್ಲೇಟೋ ತನ್ನ ವಾದಕ್ಕಿಂತ ಮನೆಯ ಕಟ್ಟಳೆಗೆ ಹೆಚ್ಚು ಮಣಿದನೆಂಬುದು ನನ್ನ ಬಹುಕಾಲದ ಕೊರಗು.

ಅರಿಸ್ಟಾಟಲ್ ಇಪ್ಪತ್ತು ವರ್ಷ ಅಕಾಡೆಮಿಯಲ್ಲಿದ್ದವನು. ರಾಜ್ಯವನ್ನು ಕುರಿತ ತನ್ನ ಗ್ರಂಥ ‘ಪಾಲಿಟಿಕ್ಸ್’ನ ಎರಡನೆಯ ಪುಸ್ತಕದಲ್ಲಿ ಅವನು ಗುರುವಿನ ನಗರಕ್ಕೆ ಹಾಕುವ ಪ್ರಶ್ನೆಗಳು ಅನುಭವದ ನೆಲದಿಂದ ಬಂದವು. ಹೆಚ್ಚು ಜನರಿಗೆ ಸೇರಿದ್ದಕ್ಕೆ ಆರೈಕೆ ಕಡಿಮೆ. ಸಾವಿರ ಮಂದಿ ‘ನನ್ನ ಮಗ’ ಎನ್ನುವ ಹುಡುಗನನ್ನು ಸಾವಿರ ಮಂದಿಯೂ ಸಮಾನವಾಗಿ ನಿರ್ಲಕ್ಷಿಸುತ್ತಾರೆ. ಅಂಥ ಮಗನಾಗುವುದಕ್ಕಿಂತ ಒಬ್ಬನ ನಿಜವಾದ ದಾಯಾದಿಯಾಗುವುದೇ ಮೇಲು. ಬಹಳಷ್ಟು ನೀರಿಗೆ ಒಂದಿಷ್ಟು ಸಿಹಿ ಬೆರೆಸಿದರೆ ಸಿಹಿಯೇ ತಿಳಿಯದಂತೆ, ಎಲ್ಲರಿಗೂ ಹಂಚಿದ ಪ್ರೀತಿ ತೆಳುವಾಗಿ ಇಲ್ಲವಾಗುತ್ತದೆ. ಮನುಷ್ಯ ಅಕ್ಕರೆಪಡುವುದು ಎರಡು ಕಾರಣಗಳಿಗೆ, ಅದು ತನ್ನದೆಂದು, ಮತ್ತು ಅದು ತನಗೆ ಪ್ರಿಯವೆಂದು. ಇವೆರಡೂ ಪ್ಲೇಟೋನ ನಗರದಲ್ಲಿಲ್ಲ. ದೊಡ್ಡಿಯ ತಾಯಂದಿರ ಬಗ್ಗೆ ನನಗೆ ಅನ್ನಿಸುವುದನ್ನು ಅರಿಸ್ಟಾಟಲ್ ಇನ್ನೊಂದು ಮಾತಿನಲ್ಲಿ ಹೇಳಿದ್ದಾನೆ: ಎಷ್ಟು ಮುಚ್ಚಿದರೂ ಹೋಲಿಕೆಯಿಂದ ಜನ ತಮ್ಮವರನ್ನು ಗುರುತಿಸಿಯೇ ಗುರುತಿಸುತ್ತಾರೆ.

ಈ ಟೀಕೆಯಲ್ಲೇ ಅವನ ಮಿತಿಯೂ ಕಾಣುತ್ತದೆ. ನಾಯಿಗಳ ಉದಾಹರಣೆ ತಂದು ಹೆಂಗಸರೂ ಗಂಡಸರ ಕೆಲಸ ಮಾಡಲಿ ಎನ್ನುವುದು ಅಸಂಬದ್ಧ, ಪ್ರಾಣಿಗಳಿಗೆ ನೋಡಿಕೊಳ್ಳಬೇಕಾದ ಮನೆಯಿಲ್ಲವಲ್ಲ ಎನ್ನುತ್ತಾನೆ. ಗಂಡಸರು ಹೊಲ ನೋಡಿಕೊಂಡರೆ ಮನೆ ನೋಡಿಕೊಳ್ಳುವವರು ಯಾರು? ಪ್ರಶ್ನೆ ನಿಜವಾದದ್ದೇ. ಮನೆಗೆಲಸ ಕೆಲಸವೇ ಹೌದೆಂದು, ಅದಕ್ಕೆ ಯಾರಾದರೂ ಬೇಕೆಂದು ಅವನು ಕಂಡುಕೊಂಡ. ಅದು ಹೆಣ್ಣೇ ಆಗಿರಬೇಕೆಂಬುದಕ್ಕೆ ಅವನು ಕೊಡುವ ಕಾರಣ ಸ್ವಭಾವ. ಮೊದಲ ಪುಸ್ತಕದಲ್ಲಿ ಗುಲಾಮನಿಗೆ ವಿವೇಚಿಸುವ ಶಕ್ತಿಯೇ ಇಲ್ಲ, ಮಗುವಿನಲ್ಲಿ ಅದು ಇನ್ನೂ ಬಲಿತಿಲ್ಲ, ಹೆಣ್ಣಿನಲ್ಲಿ ಇದೆಯಾದರೂ ಅಧಿಕಾರವಿಲ್ಲದೆ ಇದೆ ಎಂದು ವಿಂಗಡಿಸುತ್ತಾನೆ. ಆ ಅಧಿಕಾರ ಇಲ್ಲದಿರುವುದು ಅವಳ ಮನಸ್ಸಿನೊಳಗೋ, ಅವಳನ್ನು ಇರಿಸಿದ ಅಥೆನ್ಸಿನ ಕಾನೂನಿನಲ್ಲೋ ಎಂದು ಅವನು ಕೇಳುವುದಿಲ್ಲ. ಸ್ಪಾರ್ಟಾದಲ್ಲಿ ಭೂಮಿಯ ಐದರಲ್ಲಿ ಎರಡು ಪಾಲು ಹೆಂಗಸರ ಕೈಯಲ್ಲಿತ್ತೆಂದು ಅವನೇ ಬರೆಯುತ್ತಾನೆ. ಹೆಣ್ಣಿನ ಕೈಗೆ ಅಧಿಕಾರ ಬಂದದ್ದು ಅವನಿಗೆ ಕಂಡದ್ದು ಆ ರಾಜ್ಯದ ರೋಗವಾಗಿ.

ಮೊದಲ ಪುಸ್ತಕದ ಆ ವಿಂಗಡಣೆಯ ಸಂದರ್ಭದಲ್ಲೇ ಮೌನವೇ ಹೆಣ್ಣಿಗೆ ಭೂಷಣ ಎಂಬ ಸಾಲನ್ನು ಅವನು ಉದ್ಧರಿಸುತ್ತಾನೆ. ಅದು ಸೊಫೊಕ್ಲಿಸ್‌ನ ‘ಏಜಾಕ್ಸ್’ ನಾಟಕದ್ದು, ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ ಮೂಲಕ ಕನ್ನಡಿಗರಿಗೂ ಬಂದಿರುವ ಕಥೆ. ನಟ್ಟಿರುಳಿನಲ್ಲಿ ಕತ್ತಿ ಹಿಡಿದು ಹೊರಟ ಏಜಾಕ್ಸ್‌ನನ್ನು, ಯಾರೂ ಕರೆದಿಲ್ಲ, ಕಹಳೆ ಊದಿಲ್ಲ, ಎಲ್ಲಿಗೆ ಹೊರಟೆ ಎಂದು ಅವನ ಸಂಗಾತಿ ಟೆಕ್ಮೆಸ್ಸಾ ಕೇಳಿದಾಗ ಅವನು ಕೊಟ್ಟ ಉತ್ತರ ಅದು. ಆಮೇಲೆ ಅವನು ದನಕುರಿಗಳನ್ನು ತನ್ನ ಶತ್ರುಗಳೆಂದು ಭ್ರಮಿಸಿ ಕಡಿದುಹಾಕಿದ, ಬುದ್ಧಿ ಮರಳಿದ ಮೇಲೆ ನಾಚಿಕೆ ತಾಳಲಾರದೆ ತನ್ನ ಕತ್ತಿಯ ಮೇಲೆ ಬಿದ್ದು ಸತ್ತ. ಆ ರಾತ್ರಿ ವಿವೇಚನೆ ಯಾರಲ್ಲಿತ್ತು, ಅಧಿಕಾರ ಯಾರಲ್ಲಿತ್ತು ಎಂಬುದನ್ನು ಸೊಫೊಕ್ಲಿಸ್ ಸ್ಪಷ್ಟವಾಗಿಯೇ ತೋರಿಸಿದ್ದಾನೆ. ಕಾವ್ಯವನ್ನು ಅಷ್ಟು ಆಳವಾಗಿ ಬಲ್ಲ ಅರಿಸ್ಟಾಟಲ್ ಆ ಸಾಲನ್ನು ಅದರ ರಾತ್ರಿಯಿಂದ ಬೇರ್ಪಡಿಸಿ ಸೂಕ್ತಿಯಾಗಿ ಎತ್ತಿಕೊಂಡದ್ದು ನನಗೆ ಅವನ ಸಿದ್ಧಾಂತಕ್ಕಿಂತಲೂ ಹೆಚ್ಚು ಬೇಸರ ತರಿಸುತ್ತದೆ.

ಅವನ ಉಯಿಲು ಬೇರೊಬ್ಬ ಮನುಷ್ಯನನ್ನು ತೋರಿಸುತ್ತದೆ. ಕ್ರಿ.ಪೂ. 322ರಲ್ಲಿ ಕಾಲ್ಸಿಸ್‌ನಲ್ಲಿ ತೀರಿಕೊಂಡ ಅವನು, ಕೊನೆಗಾಲದ ಸಂಗಾತಿ ಹೆರ್ಪಿಲ್ಲಿಸ್ ತನಗೆ ಒಳ್ಳೆಯವಳಾಗಿದ್ದಳೆಂದು ನೆನೆದು, ಅವಳಿಗೆ ಬೆಳ್ಳಿ, ಸೇವಕಿಯರು, ಕಾಲ್ಸಿಸ್ ಅಥವಾ ಸ್ಟಾಗಿರಾದಲ್ಲಿ ಅವಳೇ ಆರಿಸಿಕೊಳ್ಳುವ ಮನೆ, ಅದಕ್ಕೆ ಬೇಕಾದ ಪೀಠೋಪಕರಣ ಎಲ್ಲವನ್ನೂ ಕೊಡಬೇಕೆಂದು ಬರೆದ. ತನ್ನನ್ನು ಎಲ್ಲಿ ಹೂಳಿದರೂ ಮೊದಲ ಹೆಂಡತಿ ಪೀಥಿಯಾಸ್‌ಳ ಮೂಳೆಗಳನ್ನು ಅಲ್ಲೇ ಇಡಬೇಕು, ಅವಳೇ ಹಾಗೆ ಹೇಳಿದ್ದಳು ಎಂದೂ ಬರೆದ. ಸತ್ತ ಹೆಂಡತಿಯ ಮಾತು ಇಲ್ಲಿ ಅಧಿಕಾರವುಳ್ಳ ಮಾತಾಗಿದೆ. ಮನೆಯಲ್ಲಿ ಅವನು ಕೇಳಿಸಿಕೊಂಡದ್ದು ಅವನ ರಾಜ್ಯಶಾಸ್ತ್ರದೊಳಗೆ ಯಾಕೆ ಬರಲಿಲ್ಲವೆಂದು ಯೋಚಿಸುತ್ತ ನಾನು ಎಷ್ಟೋ ಸಲ ಪುಸ್ತಕ ಮುಚ್ಚಿಟ್ಟಿದ್ದೇನೆ.

ಅವನ ನಂತರದ ಪೀಳಿಗೆಯಲ್ಲಿ ಮರೊನಿಯಾದ ಹಿಪ್ಪಾರ್ಕಿಯಾ ಎಂಬ ಹುಡುಗಿ, ಆಸ್ತಿ, ಮರ್ಯಾದೆಗಳನ್ನು ತೊರೆದು ಬದುಕುವ ಸಿನಿಕ ಪಂಥದ ಬಡ ತತ್ತ್ವಜ್ಞಾನಿ ಕ್ರೇಟಿಸ್‌ನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳು. ಹೆತ್ತವರ ಕೋರಿಕೆಯಂತೆ ಅವಳ ಮನಸ್ಸು ತಿರುಗಿಸಲು ಬಂದ ಕ್ರೇಟಿಸ್ ಬಟ್ಟೆ ಕಳಚಿಟ್ಟು, ಇದೇ ವರ, ಇದೇ ಅವನ ಆಸ್ತಿ, ನೋಡಿಕೊಂಡು ನಿರ್ಧರಿಸು ಎಂದನಂತೆ. ಅವಳು ನಿರ್ಧರಿಸಿದಳು, ಅವನಂತೆಯೇ ಉಟ್ಟು, ಅವನ ಜೊತೆ ಬೀದಿಯಲ್ಲೂ ಔತಣಗಳಲ್ಲೂ ಓಡಾಡಿದಳು. ಒಂದು ಔತಣದಲ್ಲಿ ಥಿಯೊಡೋರಸ್ ಎಂಬ ಪಂಡಿತ ಅವಳ ವಾದಕ್ಕೆ ಉತ್ತರ ಕಾಣದೆ ಅವಳ ಹೊದಿಕೆಗೆ ಕೈಹಾಕಿದ. ಅವಳು ಬೆದರಲಿಲ್ಲ. ಮಗ್ಗದ ಬಳಿ ಲಾಳಿ ಬಿಟ್ಟು ಬಂದವಳು ಇವಳೇನು ಎಂದು ಅವನು ನಾಟಕದ ಸಾಲೊಂದನ್ನು ಎಸೆದಾಗ, ನಾನೇ ಅವಳು, ಮಗ್ಗದ ಮೇಲೆ ಕಳೆಯಬಹುದಾಗಿದ್ದ ಹೊತ್ತನ್ನು ಕಲಿಕೆಗೆ ಕೊಟ್ಟದ್ದು ನನ್ನ ಪಾಲಿಗೆ ಕೆಟ್ಟ ನಿರ್ಧಾರವೆಂದು ನಿನಗೆ ತೋರುತ್ತದೆಯೇ ಎಂದು ಕೇಳಿದಳು. ಇಲ್ಲಿ ಕೊನೆಗೂ ಒಬ್ಬ ಹೆಣ್ಣು ತನ್ನ ಬದುಕಿನ ಬಗ್ಗೆ ತಾನೇ ಮಾತಾಡುತ್ತಾಳೆ, ಅದೂ ಗಂಡನ ಜೊತೆ, ತಾಯಿಯಾಗಿಯೂ ಇದ್ದುಕೊಂಡು. ಆದರೂ ಅವಳು ಆ ಮಾತಾಡುವ ಸ್ವಾತಂತ್ರ್ಯ ಪಡೆದದ್ದು ಮನೆ, ಆಸ್ತಿ, ಊರಿನ ಮರ್ಯಾದೆ ಎಲ್ಲವನ್ನೂ ಬಿಟ್ಟ ಮೇಲೆ. ಪ್ಲೇಟೋ ಶಾಸನದಿಂದ ಕೇಳಿದ ಬೆಲೆಯನ್ನು ಅವಳು ಸ್ವಂತ ಇಚ್ಛೆಯಿಂದ ತೆತ್ತಳು.

ಮನೆಯಲ್ಲಿದ್ದುಕೊಂಡೇ, ಮಕ್ಕಳನ್ನು ಗುರುತಿಸಿ ಮುದ್ದಿಸುತ್ತಲೇ ಹೆಣ್ಣು ರಾಜ್ಯದ ಪೂರ್ಣ ಪಾಲುದಾರಳಾಗುವುದು ಹೇಗೆ ಎಂಬ ಪ್ರಶ್ನೆಯ ತೀರ ಹತ್ತಿರಕ್ಕೆ ಬಂದವನು, ಅಚ್ಚರಿಯೆಂದರೆ, ಅರಿಸ್ಟಾಟಲ್‌ನೇ. ‘ಪಾಲಿಟಿಕ್ಸ್’ನ ಮೊದಲ ಪುಸ್ತಕದ ಕೊನೆಯಲ್ಲಿ ಅವನು ಹೇಳುತ್ತಾನೆ: ಮನೆ ರಾಜ್ಯದ ಅಂಗ, ಹೆಂಗಸರು ಸ್ವತಂತ್ರ ಜನರಲ್ಲಿ ಅರ್ಧದಷ್ಟಿದ್ದಾರೆ, ಮಕ್ಕಳು ನಾಳೆ ಪ್ರಜೆಗಳಾಗುವವರು, ರಾಜ್ಯ ಒಳ್ಳೆಯದಾಗಬೇಕಾದರೆ ಇವರ ಶಿಕ್ಷಣ ಹೇಗಿರಬೇಕು, ಗಂಡಹೆಂಡಿರ ಸಂಬಂಧದ ಗುಣ ಎಂಥದಾಗಿರಬೇಕು ಎಂಬುದನ್ನು ರಾಜ್ಯವ್ಯವಸ್ಥೆಗಳ ಚರ್ಚೆಯಲ್ಲಿ ಎತ್ತಿಕೊಳ್ಳಲೇಬೇಕು. ಏಳನೆಯ ಪುಸ್ತಕದಲ್ಲಿ ಹೆಣ್ಣಿಗೆ 18, ಗಂಡಿಗೆ 37 ಎಂದು ಮದುವೆಯ ವಯಸ್ಸು ಬರುತ್ತದೆ, ಬಸುರಿಯರು ದಿನವೂ ದೇವಾಲಯಕ್ಕೆ ನಡೆದು ಹೋಗಬೇಕೆಂಬ ಸಲಹೆ ಬರುತ್ತದೆ. ಎಂಟನೆಯದರಲ್ಲಿ ಹುಡುಗರ ವ್ಯಾಯಾಮ, ಓದು, ಸಂಗೀತದ ಮಾತು ನಡೆಯುತ್ತ ನಮಗೆ ಉಳಿದಿರುವ ಪಠ್ಯ ಅಲ್ಲಿಗೆ ಮುಗಿಯುತ್ತದೆ. ಹೆಂಗಸರ ಶಿಕ್ಷಣದ ಅಧ್ಯಾಯ ಅದರಲ್ಲಿ ಎಲ್ಲೂ ಇಲ್ಲ.